ನಲ್ಲಿಯ ಹತ್ತಿರದಿಂದ ಅಮ್ಮ ಕೂಗಿದ್ದು

ನಾನು ನಿಂತಿದ್ದದ್ದು ನಮ್ಮ ಬೀದಿಯ ಅರ್ಧದಲ್ಲಿ, ಟೈಲರ್ ಅಣ್ಣನ ಮನೆ ಮುಂದೆ, ಮೋರಿಗೆ ಹಾಸಿರುವ ಚಪ್ಪಡಿ ಕಲ್ಲಿನ ಮೇಲೆ. ಕೊರೋನಾ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ, ಯುಗಾದಿಯಾದ ಮೇಲಿನ ಮೊದಲ ಭಾನುವಾರ, ಬೆಳಿಗ್ಗೆ. ಮಾರಿಕುಪ್ಪಂ ಕಡೆಯಿಂದ ಬಂಗಾರಪೇಟೆಗೆ ಹೋಗುವ ರೈಲು ಕೋರಮಂಡಲ್ ಬಿಟ್ಟು ಆಗಲೇ ಸ್ವಲ್ಪ ಹೊತ್ತಾಗಿತ್ತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ರೈಲಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದು ಆಮೇಲೆ ಒಬ್ಬರು ವಾದ ಮಾಡಿದರು. ರೈಲು ಇರಲಿಲ್ಲ. ಗಾಳಿಯೂ ಇರಲಿಲ್ಲ. ಟೈಲರ್ ಅಣ್ಣ ಕಿಟಕಿಯ ಪಕ್ಕ ಮಿಷನ್ ಮುಂದೆ ಕೂತಿದ್ದರು, ಆದರೆ ಮಿಷನ್ ತುಳಿಯುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸುತ್ತಿದ್ದರು.

ನಮ್ಮ ಬೀದಿ ಇಳಿಜಾರು. ಮೇಲಿನ ತುದಿಯಲ್ಲಿ ನಮ್ಮ ಮನೆ, ಕೆಳಗಿನ ತುದಿಯಲ್ಲಿ ಬೀದಿ ನಲ್ಲಿ, ನಲ್ಲಿ ದಾಟಿದರೆ ಟಾರು ರಸ್ತೆ. ಟೈಲರ್ ಮನೆಯ ಹತ್ತಿರ ಬೀದಿ ಸ್ವಲ್ಪ ತಿರುಗುತ್ತದೆ. ಹಾಗಾಗಿ ನಮ್ಮ ಮನೆ ಬಾಗಿಲಲ್ಲಿ ನಿಂತವರಿಗೆ ನಲ್ಲಿ ಕಾಣುತ್ತದೆ, ಟಾರು ರಸ್ತೆ ಕಾಣುವುದಿಲ್ಲ. ನಲ್ಲಿಯ ಹತ್ತಿರ ನಿಂತವರಿಗೆ ರಸ್ತೆಯ ಎರಡೂ ಕಡೆ ಕಾಣುತ್ತದೆ. ನಾನು ನಿಂತ ಕಲ್ಲಿನಿಂದ ಎಲ್ಲವೂ ಕಾಣುತ್ತದೆ.

ಹೋದ ವರ್ಷ ಅಪ್ಪನ ತಿಥಿಯ ದಿನ, ಎಲೆ ಹಾಕುವುದಕ್ಕೆ ಮೊದಲು, ನೆಂಟರೊಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು: "ಅಳಿಯನೇ ಅಲ್ವಾ ಸೈಕಲ್ಲಿಂದ ಬೀಳ್ಸಿದ್ದು. ಅವತ್ತು ಬಿದ್ದೋರು ಮೇಲಕ್ಕೇಳ್ಲೇ ಇಲ್ಲ." ಭಾವ ಅಲ್ಲೇ ನೀರಿನ ಜಗ್ಗು ಹಿಡಿದು ನಿಂತಿದ್ದರು. ಕೇಳಿಸಿತು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎಲ್ಲರ ಲೋಟಕ್ಕೂ ನೀರು ಹಾಕಿದರು, ಆ ನೆಂಟರ ಲೋಟಕ್ಕೂ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಭಾವ ನನ್ನ ಅಪ್ಪನನ್ನು ಬೇಕೆಂದು ಕೈಬಿಟ್ಟರೋ ಇಲ್ಲವೋ ಎಂಬುದು ಇಲ್ಲಿರುವ ಪ್ರಶ್ನೆ. ನಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಅಪ್ಪ ಸೊಪ್ಪು ಮಾರುತ್ತಿದ್ದರು. ಬೂದಿಕೋಟೆ ಕಡೆಯ ತೋಟಗಳಿಂದ ಬಂಗಾರಪೇಟೆ ಮಾರ್ಕೆಟ್ಟಿಗೆ ಬರುವ ದಂಟು, ಅರಿವೆ, ಮೆಂತ್ಯ, ಸಬ್ಬಸಿಗೆಯನ್ನು ಬೆಳಕು ಹರಿಯುವ ಮೊದಲೇ ಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಕೆ.ಜಿ.ಎಫ್‌ನ ಹಳೆಯ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ, ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಮಾರುತ್ತಿದ್ದರು. ತಮಿಳಿನವರ ಮನೆ ಮುಂದೆ ‘ಕೀರೈ’ ಅಂತಲೂ, ತೆಲುಗಿನವರ ಮನೆ ಮುಂದೆ ‘ಆಕುಕೂರ’ ಅಂತಲೂ, ಉಳಿದ ಕಡೆ ‘ಸೊಪ್ಪೇ’ ಅಂತಲೂ ಕೂಗುತ್ತಿದ್ದರು. ಸ್ಟ್ರೋಕ್ ಆದ ಮೇಲೆ ಎಡಗೈ, ಎಡಗಾಲು ನಿಧಾನವಾದವು. ಕಾಲು ಹೇಗೋ ಮಾತು ಕೇಳತೊಡಗಿತು. ಕೈ ಮಾತ್ರ ಲೋಟ ಹಿಡಿಯುವಷ್ಟು ಬಂತು, ಬಿಗಿಯಾಗಿ ಹಿಡಿಯುವಷ್ಟು ಬರಲಿಲ್ಲ. ಸೈಕಲ್ಲು ಹಿತ್ತಲ ಗೋಡೆಗೆ ಒರಗಿ, ಮಳೆಗಾಲಗಳಲ್ಲಿ ನೆನೆದು, ಚೈನು ಒಂದೇ ಕಬ್ಬಿಣದ ಸರಳಿನ ಹಾಗೆ ಅಂಟಿಕೊಂಡು ನಿಂತಿತ್ತು. ಅಮ್ಮ ಅದರ ಹ್ಯಾಂಡಲಿಗೆ ಮಸಿಬಟ್ಟೆ ಒಣಹಾಕುತ್ತಿದ್ದಳು.

ಭಾವ ಗದಗಿನ ಕಡೆಯವರು. ಕೆ.ಜಿ.ಎಫ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅಕ್ಕ ಅಲ್ಲಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಒಪ್ಪಿಕೊಂಡು ಮದುವೆಯಾದರು, ನಮ್ಮ ಮನೆಯಲ್ಲಿ ಕೇಳಲಿಲ್ಲ. ಅಪ್ಪ ಜಗಳವಾಡಲಿಲ್ಲ. ಭಾವನ ಜೊತೆ ಮಾತಾಡಲಿಲ್ಲ, ಅಷ್ಟೆ. ಭಾವ ಮನೆಗೆ ಬಂದರೆ ಅಪ್ಪ ನನ್ನ ಮೂಲಕ ಮಾತಾಡುತ್ತಿದ್ದರು. ಎದುರಿಗೇ ಕೂತವರ ಬಗ್ಗೆ ನನಗೆ "ಅವರು ಕಾಫಿ ಕುಡೀತಾರಾ ಕೇಳ್ಲಾ" ಎನ್ನುತ್ತಿದ್ದರು. ಅಮ್ಮನದು ಇನ್ನೊಂದು ರೀತಿ. ಅವಳು ಭಾವನನ್ನು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದಳು. ಬನ್ನಿ, ಕೂತ್ಕಳಿ, ತಗಳಿ. ಬಾಡಿಗೆ ಮನೆಯ ಓನರ್ ಬಂದಾಗಲೂ ಹೀಗೇ ಮಾತಾಡುತ್ತಿದ್ದಳು. ಭಾವನಿಗೂ ಅದು ಗೊತ್ತಿತ್ತು.

ನಮ್ಮ ಮನೆಯ ಮಾತಿನಲ್ಲಿ ‘ಹ’ ಇಲ್ಲ. ನಾನು ಅಂಗಡಿಯಲ್ಲಿ ಕೆಲಸ ಮಾಡಿ, ಬೇರೆಯವರ ಜೊತೆ ಮಾತಾಡಿ, ಕಷ್ಟಪಟ್ಟು ಕಲಿತೆ. ಮದುವೆಯಾದ ಹೊಸದರಲ್ಲಿ ಭಾವ ಮೊದಲ ಸಲ ಬಂದಾಗ ಅಮ್ಮ, "ಆಲು ಕುಡೀರಿ, ಬಿಸಿ ಐತೆ" ಅಂದಳು. ಭಾವ ಅಕ್ಕನ ಮುಖ ನೋಡಿದರು.

"ಆಲೂಗಡ್ಡಿ ಕುಡೀತಾರೇನ ನಿಮ್ಮ ಕಡೆ?" ಎಂದು ಮೆಲ್ಲಗೆ ಕೇಳಿದರು.

ಅಕ್ಕ ಬಿದ್ದು ಬಿದ್ದು ನಕ್ಕಳು. "ಊಂ, ನಿಮ್ ಕಡೆ ಇಟ್ಟನ್ನ ತಟ್ಟಿ ತಟ್ಟಿ ಬಡೀತೀರಲ್ಲ, ಅಂಗೆ ನಾವು ಆಲೂಗಡ್ಡೆ ಕುಡೀತೀವಿ" ಅಂದಳು. ಅಪ್ಪ ಬೇರೆ ಕಡೆ ತಿರುಗಿ ಕೆಮ್ಮಿದರು. ಅದು ನಗುವೇ ಇರಬೇಕು ಎಂದು ಭಾವ ಆಮೇಲೆ ನನಗೆ ಹೇಳಿದರು. ಅವರಿಗೆ ಅಷ್ಟು ಆಸೆಯಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ರಜೆಯ ದಿನ ಭಾವ ಬಂದವರು ಹಿತ್ತಲಲ್ಲಿ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಮಡ್‌ಗಾರ್ಡನ್ನು ಉಗುರಿನಿಂದ ಕೆರೆದರು. ತುಕ್ಕಿನ ಪದರ ಎದ್ದಿತು.

"ತಮ್ಮಾ, ಇದರ ಎಲುಬು ಚಲೋ ಐತಿ. ತೊಗಲಷ್ಟ ಹೋಗೇತಿ" ಅಂದರು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ನನಗೆ ಹೇಳಿದರು: "ಕೇಳ್ಲಾ ಅವರ್ನ, ಇನ್ನದು ಏನಕ್ಕೆ ಬತ್ತೈತೆ ಅಂತ."

"ನಿಮಗ ಓಡಸಾಕ ಬರ್ತೈತ್ರಿ, ಮಾವಾರ" ಎಂದರು ಭಾವ, ನೇರವಾಗಿ.

ಅಪ್ಪ ಒಳಗೆ ಹೋದರು. ಆದರೆ ಬೇಡ ಅನ್ನಲಿಲ್ಲ.

ಹೀಗೆ ಶುರುವಾಯಿತು. ರಜೆ ಸಿಕ್ಕಾಗಲೆಲ್ಲ ಭಾವ ಬರುತ್ತಿದ್ದರು, ನಾನು ಜೊತೆಗೆ ಕೂರುತ್ತಿದ್ದೆ. ಚೈನನ್ನು ಹಳೆಯ ಬೋಗುಣಿಯಲ್ಲಿ ಸೀಮೆಎಣ್ಣೆ ಹಾಕಿ ನೆನೆಸಿಟ್ಟೆವು. ದಿನವೂ ಒಂದೊಂದು ಕೊಂಡಿ ಬಿಟ್ಟುಕೊಳ್ಳುತ್ತಿತ್ತು. ಫ್ರೇಮಿಗೆ ಎಮೆರಿ ಕಾಗದ, ರಿಮ್ಮಿಗೆ ತೆಂಗಿನ ನಾರು ಮತ್ತು ಬೂದಿ. ಪೆಡಲಿನ ಕಡ್ಡಿಯನ್ನು ಬಿಗಿಹಿಡಿದಿದ್ದ ಕಾಟರ್ ಪಿನ್ನು ಎಷ್ಟು ಹೊಡೆದರೂ ಬರಲಿಲ್ಲ. ಬಲವಾಗಿ ಹೊಡೆದರೆ ತಲೆ ಚಪ್ಪಟೆಯಾಗಿ ಜನ್ಮಕ್ಕೂ ಬರುವುದಿಲ್ಲ ಎಂದು ಭಾವ ಮರದ ತುಂಡು ಇಟ್ಟು ಮೆಲ್ಲಮೆಲ್ಲಗೆ ತಟ್ಟಿದರು. ಬಂಗಾರಪೇಟೆಯಲ್ಲಿ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಸಾಲಿನಲ್ಲೇ ಸೈಕಲ್ ಶಾಪು ಇದೆ. ಟೈರು, ಟ್ಯೂಬು, ಬ್ರೇಕಿನ ರಬ್ಬರು, ಬೇರಿಂಗ್ ಗುಂಡುಗಳು, ಗ್ರೀಸು ಎಲ್ಲ ಅಲ್ಲಿಂದಲೇ ತಂದೆ.

ಅಪ್ಪ ಮೊದಮೊದಲು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆಮೇಲೆ ಸ್ಟೂಲು ತಂದು ಕೂರುವುದಕ್ಕೆ ಶುರುಮಾಡಿದರು. ಭಾವ ಚಕ್ರಕ್ಕೂ ಅಪ್ಪನ ಮೊಣಕಾಲಿಗೂ ನಡುವೆ ಕೂತಿರುತ್ತಿದ್ದರು. ಅಪ್ಪ ಅವರ ತಲೆಯ ಮೇಲಿನಿಂದ ನನಗೆ ಹೇಳುತ್ತಿದ್ದರು:

"ಅವರ್ಗೆ ಏಳ್ಲಾ, ಎಡಗಡೆ ಪೆಡ್ಲು ಉಲ್ಟಾ ತಿರುಗ್ಸಬೇಕು ಅಂತ."

"ಗೊತ್ತೈತ್ರಿ ಅಂತ ಹೇಳ ತಮ್ಮಾ."

"ಗೊತ್ತಿದ್ರೆ ಯಾಕೆ ಈ ಕಡೀಕೆ ತಿರುಗಿಸ್ತಾವ್ರೆ?"

"ಇದು ಬಲಗಡೆ ಪೆಡಲ್ ಐತ್ರಿ ಅಂತ ಹೇಳ."

ಅಪ್ಪ ಬಗ್ಗಿ ನೋಡಿದರು. "ಊಂ. ಬಲಗಡೆದೇ" ಎಂದು ನನಗೆ ಹೇಳಿದರು. ಅಡುಗೆಮನೆಯಿಂದ ಅಕ್ಕನ ನಗು ಕೇಳಿಸಿತು.

ಚಕ್ರದ ಬೆಂಡು ತೆಗೆಯುವಾಗ ನಾನು ಫ್ರೇಮು ಸಡಿಲ ಬಿಟ್ಟರೆ ಅಪ್ಪ ಗದರುತ್ತಿದ್ದರು: "ಇಡಿಲಾ ಸರ್ಯಾಗಿ!" ನಾನು ಬಿಗಿ ಹಿಡಿಯುತ್ತಿದ್ದೆ. ನಮ್ಮಲ್ಲಿ ಹಿಡಿ ಎಂದರೆ ಇಡಿ. ನನಗದು ಬೇರೆ ಥರ ಕೇಳಿಸುವ ಸಾಧ್ಯತೆಯೇ ಇಲ್ಲ. ಭಾವನಿಗೂ ಅಪ್ಪ ಏನು ಹೇಳುತ್ತಿದ್ದಾರೆಂದು ತಿಳಿಯುತ್ತಿತ್ತು, ಏಕೆಂದರೆ ನಾನು ಹಿಡಿಯುವುದು ಅವರ ಕಣ್ಣೆದುರಿಗೇ ಕಾಣುತ್ತಿತ್ತು.

ಬ್ರೇಕಿನ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬ್ರೇಕು ಸರಿ ಇರಲಿಲ್ಲ ಎಂದೂ ಆಮೇಲೆ ಮಾತು ಬಂತು. ಬ್ರೇಕು ಸರಿ ಇತ್ತು. ಅದು ಕಂಬಿ ಬ್ರೇಕಿನ ಹಳೆಯ ಸೈಕಲ್ಲು. ಬಲಗೈ ಹಿಡಿಕೆ ಮುಂದಿನ ಚಕ್ರಕ್ಕೆ, ಎಡಗೈ ಹಿಡಿಕೆ ಹಿಂದಿನ ಚಕ್ರಕ್ಕೆ. ಶನಿವಾರ ಸಂಜೆ ನಾನೇ ಬೀದಿಯಲ್ಲಿ ಮೇಲಿಂದ ಕೆಳಗೆ ಓಡಿಸಿ, ಎರಡನ್ನೂ ಬೇರೆ ಬೇರೆ ಹಿಡಿದು ನೋಡಿದೆ. ಎರಡೂ ನಿಲ್ಲಿಸಿದವು. ಆದರೆ ಅಪ್ಪನ ಎಡಗೈಗೆ ಹಿಂದಿನ ಬ್ರೇಕನ್ನು ಒತ್ತುವ ಶಕ್ತಿ ಇರಲಿಲ್ಲ, ಇಳಿಜಾರಿನಲ್ಲಿ ಮುಂದಿನದೊಂದನ್ನೇ ಜೋರಾಗಿ ಹಿಡಿದರೆ ಸೈಕಲ್ಲು ಮೂತಿ ಅಡಿಯಾಗಿ ಮಗುಚುತ್ತದೆ. ಇದು ಭಾವನಿಗೆ ಗೊತ್ತಿತ್ತು. ಅದಕ್ಕೇ ಅವರು ಮೈದಾನಕ್ಕೆ ಹೋಗೋಣ ಅಂದರು.

"ಸಪಾಟ ಜಾಗಾದಾಗ ಮೊದಲು ನೋಡೂಣ್ರಿ ಮಾವಾರ. ಇಲ್ಲಿ ಬ್ಯಾಡ್ರಿ."

ಅಪ್ಪ ನನಗೆ ಹೇಳಿದರು: "ಅವರ್ಗೆ ಏಳು. ಈ ಬೀದೀಲಿ ನಾನು ಸೊಪ್ಪಿನ ಮೂಟೆ ಕಟ್ಕಂಡು ಇಳ್ದಿದ್ದೀನಿ, ಮಳೇಲಿ ಇಳ್ದಿದ್ದೀನಿ. ಮೈದಾನದಾಗೆ ಸುತ್ತಾಕೆ ನಾನೇನು ಸರ್ಕಸ್ಸಾ? ಒಂದು ಸಲ ರೋಡ್ ಗಂಟ ಓಗಿ, ಎಡಕ್ಕೆ ತಿರುಗಿ, ಸ್ಟೇಷನ್ ಕಡೀಕೆ ಓಗಿ ಬತ್ತೀನಿ. ಅಷ್ಟೇ."

ಭಾವ ಅಕ್ಕನ ಕಡೆ ನೋಡಿದರು. ಅಕ್ಕ, "ನಂಗೇನು ಕೇಳ್ತೀರಾ, ಅಪ್ಪನ್ನ ಕೇಳಿ" ಅಂದಳು. ಕೊನೆಗೆ ಒಂದು ಏರ್ಪಾಡಾಯಿತು, ಮಾಡಿದ್ದು ಭಾವನೇ. ಅವರು ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುತ್ತಾರೆ. ಅಮ್ಮ ಕೆಳಗೆ ನಲ್ಲಿಯ ಹತ್ತಿರ ನಿಂತು ರಸ್ತೆ ನೋಡುತ್ತಾಳೆ. ಅಪ್ಪ ಟೈಲರ್ ಮನೆ ದಾಟಿ ನಲ್ಲಿಯ ಹತ್ತಿರದ ಸಮತಟ್ಟಿಗೆ ಬರುವಾಗ ರಸ್ತೆ ಖಾಲಿ ಇದ್ದರೆ ಅಮ್ಮ ಕೂಗಬೇಕು. ಆಗ ಭಾವ ಕೈಬಿಡುತ್ತಾರೆ.

"ಅತ್ತೀ, ದಾರಿ ಖಾಲಿ ಇದ್ರ ‘ಬಿಡಿ’ ಅಂತ ಒದರ್ರಿ. ಜೋರಾಗಿ ಒದರ್ರಿ."

"ಊಂ, ‘ಬಿಡಿ’ ಅಂತೀನಿ" ಅಂದಳು ಅಮ್ಮ.

ರಸ್ತೆ ಖಾಲಿ ಇಲ್ಲದಿದ್ದರೆ ಏನು ಕೂಗಬೇಕು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಏನೂ ಕೂಗದಿದ್ದರೆ ಹಿಡಿದುಕೊಂಡೇ ಇರುತ್ತಾರೆ ಎಂದು ಎಲ್ಲರೂ ಅಂದುಕೊಂಡೆವು.

ಅಪ್ಪ ಹತ್ತಿದರು. ಬಿಳಿ ಅಂಗಿ ಹಾಕಿಕೊಂಡಿದ್ದರು, ಪಂಚೆಯನ್ನು ಮೇಲಕ್ಕೆ ಕಟ್ಟಿದ್ದರು. ಎಡಪಾದವನ್ನು ಭಾವ ಕೈಯಲ್ಲಿ ಎತ್ತಿ ಪೆಡಲಿನ ಮೇಲೆ ಇಟ್ಟರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾನು ಕಲ್ಲಿನ ಮೇಲೆ ನಿಂತು ಕೈ ಬೀಸಿದೆ. ಅಮ್ಮನ ಕಡೆ ನೋಡಿದೆ. ಅಮ್ಮ ರಸ್ತೆಯ ಎರಡೂ ಕಡೆ ಕತ್ತು ತಿರುಗಿಸಿ ನೋಡುತ್ತಿದ್ದಳು.

ಸೈಕಲ್ಲು ನನ್ನ ಕಡೆ ಬಂತು. ಮೊದಲು ಸ್ವಲ್ಪ ಓಲಾಡಿತು, ಆಮೇಲೆ ನೇರವಾಯಿತು. ಅಪ್ಪನ ಮುಖ ನನಗೆ ಸ್ಪಷ್ಟವಾಗಿ ಕಂಡಿತು. ಹಲ್ಲು ಕಚ್ಚಿದ್ದರು, ಕಣ್ಣು ಮುಂದಿನ ದಾರಿಯ ಮೇಲೆ. ಭಾವ ಬಗ್ಗಿ ಓಡುತ್ತಿದ್ದರು, ಎರಡೂ ಕೈ ಕ್ಯಾರಿಯರಿನ ಮೇಲೆ, ತಲೆ ಕೆಳಗೆ. ಅವರ ಮುಂದೆ ಅಪ್ಪನ ಬೆನ್ನು, ಬಿಳಿ ಅಂಗಿ. ರಸ್ತೆ ಅವರಿಗೆ ಕಾಣುವಂತಿರಲಿಲ್ಲ. ನನ್ನನ್ನು ದಾಟಿ ಹೋಗುವಾಗ ಭಾವನ ಉಸಿರು ಕೇಳಿಸಿತು.

ಅಷ್ಟರಲ್ಲಿ ನನಗೆ ನೀರಿನ ಟ್ಯಾಂಕರು ಕಾಣಿಸಿತು. ಬಲಗಡೆಯಿಂದ ಬರುತ್ತಿತ್ತು. ತೀರ ವೇಗವಾಗಿ ಏನಲ್ಲ. ತುಂಬಿದ ಟ್ಯಾಂಕರು ಬರುವ ಹಾಗೆ, ಭಾರವಾಗಿ, ನೀರು ಚೆಲ್ಲಿಕೊಂಡು ಬರುತ್ತಿತ್ತು. ಅಮ್ಮನೂ ಅದನ್ನು ನೋಡಿದಳು. ಎರಡು ಹೆಜ್ಜೆ ಬೀದಿಯೊಳಕ್ಕೆ ಬಂದು, ಎರಡೂ ಕೈ ಮುಂದಕ್ಕೆ ಚಾಚಿ ಕೂಗಿದಳು.

"ಇಡೀ! ಇಡೀ!"

ಇದು ನನ್ನ ಕಿವಿಗೆ ಬಿದ್ದ ಮಾತು. ಬೇರೆ ಮಾತಲ್ಲ. ‘ಇಡ್ಕಳಿ’ ಅಲ್ಲ, ‘ಬಿಡಿ’ ಅಲ್ಲ. ಎರಡು ಸಲ, ಇಡೀ, ಇಡೀ.

ಭಾವ ಕೈಬಿಟ್ಟರು.

ನಾನು ನೋಡಿದೆ. ಕೈ ಜಾರಲಿಲ್ಲ, ಎಡವಲಿಲ್ಲ. ಹೇಳಿದ ಕೆಲಸ ಮಾಡುವವರ ಹಾಗೆ ಎರಡೂ ಕೈಗಳನ್ನು ಕ್ಯಾರಿಯರಿನಿಂದ ಒಟ್ಟಿಗೇ ತೆಗೆದು, ಬಿಚ್ಚಿ ಹಿಡಿದು, ನಿಂತರು. ತಲೆಯೆತ್ತಿದರು. ಆಗ ಅವರಿಗೆ ಟ್ಯಾಂಕರು ಕಾಣಿಸಿತು. ಅವರ ಬಾಯಿಂದ ಬಂದ ಶಬ್ದ ಮಾತಾಗಿರಲಿಲ್ಲ. ಓಡಿದರು, ಆದರೆ ಸೈಕಲ್ಲು ಅವರ ಕೈಗೆ ಸಿಗದಷ್ಟು ಮುಂದೆ ಹೋಗಿತ್ತು. ಅಪ್ಪ ಮುಂದಿನ ಬ್ರೇಕು ಹಿಡಿಯಲಿಲ್ಲ. ಹ್ಯಾಂಡಲನ್ನು ಎಡಕ್ಕೆ ಎಳೆದರು. ಸೈಕಲ್ಲು ನಲ್ಲಿಯ ಕಟ್ಟೆಯನ್ನು ಸವರಿಕೊಂಡು ರಸ್ತೆಯ ಅಂಚಿಗೆ ಹೋಯಿತು. ಅಪ್ಪ ಎಡಗಡೆಗೆ, ಕಟ್ಟೆಯ ಮೇಲೆ ಬಿದ್ದರು. ಸೈಕಲ್ಲು ಅವರನ್ನು ಬಿಟ್ಟು ಒಂದೇ ಮುಂದಕ್ಕೆ ಹೋಗಿ ಟ್ಯಾಂಕರಿನ ಮುಂದಿನ ಚಕ್ರಕ್ಕೆ ಸಿಕ್ಕಿತು. ಟ್ಯಾಂಕರು ನಿಂತಿತು. ಒಳಗಿನ ನೀರು ಮುಂದಕ್ಕೂ ಹಿಂದಕ್ಕೂ ಹೊಡೆದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

ಅಪ್ಪನ ಹಣೆ ಒಡೆದಿತ್ತು. ಎಡಗಡೆಯ ಕಾಲರ್ ಬೋನ್, ಭುಜದ ಮುಂದಿನ ಮೂಳೆ, ಮುರಿದಿತ್ತು. ಪ್ರಜ್ಞೆ ಇತ್ತು. ಭಾವ ಅವರನ್ನು ಎತ್ತುವುದಕ್ಕೆ ಬಗ್ಗಿದಾಗ ಅಮ್ಮ ಅವರ ಕೈಯನ್ನು ತಳ್ಳಿದಳು. "ಮುಟ್ಟಬ್ಯಾಡಿ" ಅಂದಳು. ಭಾವನ ಅಂಗಿಯ ತೋಳಿಗೆ ರಕ್ತ ಹತ್ತಿತ್ತು. ಟ್ಯಾಂಕರಿನವನು ಆಟೋ ಕರೆದುಕೊಂಡು ಬಂದ. ಆಟೋದಲ್ಲಿ ಅಮ್ಮ, ಅಕ್ಕ, ನಾನು ಕೂತೆವು. ಭಾವ ರಸ್ತೆಯಲ್ಲೇ ನಿಂತರು. ನಾನು ತಿರುಗಿ ನೋಡಿದಾಗ ಅವರು ಸೈಕಲ್ಲನ್ನು ಟ್ಯಾಂಕರಿನ ಕೆಳಗಿನಿಂದ ಎಳೆಯುತ್ತಿದ್ದರು.

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಮಸಮುದ್ರದಿಂದ ಸೋದರಮಾವ ಬಂದರು. ಅಮ್ಮನ ಅಣ್ಣ. ನಮ್ಮ ಮನೆಯಲ್ಲಿ ಅವರ ಮಾತು ನಡೆಯುತ್ತಿತ್ತು. ಅಕ್ಕನ ಮದುವೆಯನ್ನು ಅವರು ಒಪ್ಪಿರಲಿಲ್ಲ. ಅಮ್ಮ ಅವರ ಮುಂದೆ ಹೇಳಿದಳು: "ನಾನು ಇಡ್ಕಳಿ ಇಡ್ಕಳಿ ಅಂತ ಬಡ್ಕಂಡೆ ಅಣ್ಣಾ. ಅವರು ಕೈ ಬಿಟ್ಬಿಟ್ರು."

‘ಇಡ್ಕಳಿ’ ಎಂದರೆ ಹಿಡಿದುಕೊಳ್ಳಿ. ಅದು ‘ಬಿಡಿ’ಯ ಹಾಗೆ ಯಾವ ಕಿವಿಗೂ ಕೇಳಿಸುವುದಿಲ್ಲ. ಆ ಒಂದು ಮಾತಿನಿಂದ ಭಾವ ಬೇಕೆಂದೇ ಬಿಟ್ಟ ಹಾಗಾಯಿತು.

"ಕರೀರಿ ಅವುನ್ನ," ಅಂದರು ಸೋದರಮಾವ. "ಬಾಯಿ ಬಿಟ್ಟು ಏಳ್ಲಿ. ಇಲ್ಲಾಂದ್ರೆ ಉಡುಗಿ ಇಲ್ಲೇ ಇರ್ತಾಳೆ. ಮಾವನ್ನ ಲಾರಿ ಕೆಳಗೆ ಬಿಟ್ಟೋನು ನಾಳೆ ಎಂಡ್ರನ್ನ ಎಲ್ಲಿ ಬಿಡ್ತಾನೋ."

ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಅಪಘಾತವನ್ನು ಮೇಲಿನಿಂದ ನೋಡಿದ್ದಳು, ಅಮ್ಮ ಕೂಗಿದ್ದು ಅವಳಿಗೆ ಸರಿಯಾಗಿ ಕೇಳಿಸಿರಲಿಲ್ಲ. ಭಾವನನ್ನು ನಂಬುತ್ತೇನೆ ಅಂದರೆ ಅಮ್ಮ ಸುಳ್ಳಾಗುತ್ತಾಳೆ, ಅಮ್ಮನನ್ನು ನಂಬುತ್ತೇನೆ ಅಂದರೆ ಭಾವ ಕೊಲೆಗೆ ಹೊರಟವರಾಗುತ್ತಾರೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಭಾವ ಬಂದರು. ಡ್ಯೂಟಿಯಿಂದ ನೇರವಾಗಿ ಬಂದಿದ್ದರು, ಕಾರ್ಖಾನೆಯ ಅಂಗಿಯಲ್ಲೇ ಇದ್ದರು. ಚಾಪೆಯ ಮೇಲೆ ಕೂರಲಿಲ್ಲ, ಗೋಡೆಯ ಪಕ್ಕ ನೆಲದ ಮೇಲೆ ಕೂತರು. ಅಪ್ಪ ಮಂಚದ ಮೇಲೆ, ಕೈಗೆ ಜೋಲಿ ಕಟ್ಟಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಚ್ಚರ ಇದ್ದರು.

"ಯಾಕೆ ಬಿಟ್ರಿ?" ಕೇಳಿದರು ಸೋದರಮಾವ.

"ಅತ್ತಿ ‘ಬಿಡಿ’ ಅಂದ್ರರೀ. ನನಗ ಹಂಗ ಕೇಳಿಸ್ತು. ಬಿಟ್ಟೆ."

"‘ಇಡ್ಕಳಿ’ ಅಂತ ಅಂದ್ರೆ ‘ಬಿಡಿ’ ಅಂತ ಕೇಳಿಸ್ತದಾ? ಯಾವೂರ ಕಿವಿ ನಿಂದು?"

ಭಾವ ಅಮ್ಮನ ಕಡೆ ನೋಡಿದರು. ಅಮ್ಮ ನೆಲ ನೋಡಿದಳು. ಅತ್ತೆ ಸುಳ್ಳು ಹೇಳುತ್ತಿದ್ದಾರೆ ಎನ್ನುವ ಮಾತು ಭಾವನ ಬಾಯಿಂದ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಹುಶಃ ಅವರ ಕಿವಿಯ ಮೇಲೆ ಅವರಿಗೇ ಅನುಮಾನ ಬಂದಿತ್ತು.

ನಾನು ಹೇಳಿದೆ. "ಅಮ್ಮ ‘ಇಡ್ಕಳಿ’ ಅನ್ನಲಿಲ್ಲ, ಮಾವ. ‘ಇಡಿ’ ಅಂದಳು. ಎರಡು ಸಲ."

"ನೀನು ಸುಮ್ಕಿರ್ಲಾ. ರೈಲ್ ಓಗೋ ಒತ್ನಾಗೆ ನಿಂಗೆ ಅಷ್ಟು ದೂರಕ್ಕೆ ಏನು ಕೇಳ್ಸಿರ್ತದೆ?"

"ರೈಲು ಆಗಲೇ ಹೋಗಿತ್ತು ಮಾವ."

"ಏನಮ್ಮಾ," ಎಂದು ಅವರು ಅಮ್ಮನ ಕಡೆ ತಿರುಗಿದರು. "‘ಇಡಿ’ ಅಂದ್ಯಾ ನೀನು?"

ಅಮ್ಮ ತಲೆಯೆತ್ತಿದಳು. ಮುಖ ಕೆಂಪಾಗಿತ್ತು. "ಅದೆಂಗೆ ಅಂತೀನಿ ಅಣ್ಣಾ? ಅಳಿಯಂದ್ರನ್ನ ‘ಇಡಿ’ ಅಂತ, ಆಳಿಗೆ ಏಳ್ದಂಗೆ, ಬೀದೀಲಿ ನಿಂತ್ಕಂಡು ಕೂಗ್ತೀನಾ? ಒಂದು ದಿನಕ್ಕಾದ್ರೂ ನಾನು ಅವರ್ನ ನೀನು ಗೀನು ಅಂದಿದ್ದೀನಾ, ಅವರೇ ಏಳ್ಲಿ."

ಆಗ ನನಗೆ ಅರ್ಥವಾಯಿತು. ಅಮ್ಮ ಭಾವನ ಮೇಲೆ ತಪ್ಪು ಹೊರಿಸುವುದಕ್ಕೆ ಹಾಗೆ ಹೇಳುತ್ತಿರಲಿಲ್ಲ. ಅಳಿಯನನ್ನು ಏಕವಚನದಲ್ಲಿ ಕೂಗಿದೆ ಎಂದು ಅಣ್ಣನ ಮುಂದೆ ಒಪ್ಪಿಕೊಳ್ಳುವುದಕ್ಕೆ ಅವಳಿಗೆ ಆಗುತ್ತಿರಲಿಲ್ಲ. ಹಾಗೆ ಕೂಗಲೇ ಇಲ್ಲ ಎಂದು ಅವಳು ನಿಜವಾಗಿಯೂ ನಂಬಿದ್ದಳೋ ಏನೋ. ಭಾವನಿಗೆ ತಪ್ಪಾಗಿ ಕೇಳಿಸಿದ್ದೂ ಅದೇ ಕಾರಣಕ್ಕೆ. ಅತ್ತೆಯ ಬಾಯಿಂದ ತನಗೆ ಬರಿಯ ‘ಹಿಡಿ’ ಎನ್ನುವ ಮಾತು ಬರುತ್ತದೆ ಎಂದು ಅವರ ಕಿವಿ ಯಾವತ್ತೂ ಎಣಿಸಿರಲಿಲ್ಲ. ಮರ್ಯಾದೆಯ ಮಾತಿಗೇ ಕಾದಿತ್ತು. ಕಾದಿದ್ದ ಮಾತು ‘ಬಿಡಿ’. ‘ಇಡಿ’ ಎಂದು ಬಂದದ್ದನ್ನು ಅದು ‘ಬಿಡಿ’ ಮಾಡಿಕೊಂಡಿತು.

ನಾನು ಹೋಗಿ ಟೈಲರ್ ಅಣ್ಣನನ್ನು ಕರೆದುಕೊಂಡು ಬಂದೆ. ಅವರು ತಮಿಳಿನವರು, ಅವರ ತಂದೆ ಗಣಿಯಲ್ಲಿದ್ದವರು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದರು. ಏನು ಕೇಳಿಸಿತು ಎಂದಷ್ಟೇ ಕೇಳಿದೆ, ಬೇರೆ ಏನೂ ಹೇಳಿಕೊಡಲಿಲ್ಲ.

"ಅಯ್ಯೋ, ಅಮ್ಮ ‘ಇಡಿ, ಇಡಿ’ ಅಂತು," ಅಂದರು. "ನಮ್ ತಮಿಳ್ನಲ್ಲಿ ಇಡಿ ಅಂದ್ರೆ ಗುದ್ದು. ನಂಗೆ ಗಾಬ್ರಿ ಆಯ್ತು. ಏನಪ್ಪಾ ಈಯಮ್ಮ, ಗಂಡನ್ನ ಟ್ಯಾಂಕರಿಗೆ ಗುದ್ದು ಅಂತೈತೆ, ಅಷ್ಟು ಕಾಟ ಕೊಟ್ಟಿದಾರಾ ಈ ಮನುಷ್ಯ ಅಂತ. ಸೂಜಿ ಕೈಗೆ ಚುಚ್ಕೊಂಡೆ ನೋಡಿ." ಹೆಬ್ಬೆರಳು ತೋರಿಸಿದರು.

ಯಾರೂ ನಗಲಿಲ್ಲ. ಮಂಚದ ಮೇಲಿಂದ ಒಂದು ಶಬ್ದ ಬಂತು. ನೋವಿಗೆ ನರಳಿದ್ದೋ, ಇನ್ನೇನೋ, ಗೊತ್ತಾಗಲಿಲ್ಲ.

ಸೋದರಮಾವ ಅಂದರು: "ಇವನು ಇದೇ ಬೀದಿಯೋನು. ಇವರ ಕಡೀಕೇ ಏಳ್ತಾನೆ. ಸಾಕು. ಉಡುಗೀ, ನೀನು ಬಟ್ಟೆ ಬರೆ ತರ್ಸ್ಕ."

ಅಕ್ಕ ಸೆರಗು ಸುತ್ತುವುದನ್ನು ನಿಲ್ಲಿಸಿದಳು. ಅಮ್ಮ ಅವಳ ಕಡೆ ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತಿದ್ದ ಭಾವನ ಕಡೆ ನೋಡಿದಳು. ಅವರ ಅಂಗೈಯ ಮೇಲೆ ಉದ್ದಕ್ಕೆ ಗಾಯವಿತ್ತು, ಟ್ಯಾಂಕರಿನ ಕೆಳಗಿನಿಂದ ಸೈಕಲ್ಲು ಎಳೆಯುವಾಗ ಆದದ್ದು. ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಅಮ್ಮ ಎದ್ದು ನಿಂತಳು.

"ಅಂದೆ ಅಣ್ಣಾ," ಅಂದಳು. "‘ಇಡಿ’ ಅಂತಲೇ ಅಂದೆ. ಬಾಯಿಗೆ ಬಂದಿದ್ದು ಅದೇ. ಇವನನ್ನ ಕೂಗ್ದಂಗೆ," ಎಂದು ನನ್ನ ಕಡೆ ಕೈ ತೋರಿಸಿದಳು, "ಅವರ್ನೂ ಕೂಗ್ಬಿಟ್ಟೆ. ಆ ಒತ್ನಾಗೆ ಅಳಿಯ ಯಾರು, ಮಗ ಯಾರು ಅಂತ ನೋಡ್ಕಂಡು ಕೂಗಾಕಾಗ್ತದಾ? ಅವರ್ಗೆ ನಮ್ ಮಾತು ಬರಲ್ಲ. ಅವರು ಬಿಟ್ಟಿದ್ದಲ್ಲ. ನಾನು ಬಿಡ್ಸಿದ್ದು."

"ಉಡುಗಿ ಸಂಸಾರ ಉಳ್ಸಾಕೆ ಏಳ್ತಾ ಇದ್ದೀಯ."

"ಅದಕ್ಕೂ ಏಳ್ತೀನಿ. ಆದ್ರೆ ಇದು ನಿಜ."

ಭಾವ ಎದ್ದು ಏನೋ ಹೇಳಲು ಹೋದರು. "ಅತ್ತೀ, ನೀವು ಹಂಗನ್ನಬ್ಯಾಡ್ರಿ, ನಾನ ತಲಿ ಎತ್ತಿ ನೋಡಬೇಕಿತ್ತು" ಎನ್ನುವಷ್ಟರಲ್ಲಿ ಮಂಚದ ಮೇಲೆ ಅಪ್ಪ ಈ ಕಡೆ ಹೊರಳಿದರು. ಹೊರಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಹಣೆಯ ಪಟ್ಟಿಯ ಕೆಳಗಿನಿಂದ ಭಾವನನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಎಷ್ಟು ಓಗೈತೆ?" ಕೇಳಿದರು.

ಭಾವನಿಗೆ ತಮ್ಮನ್ನೇ ಕೇಳುತ್ತಿದ್ದಾರೆ ಎಂದು ತಿಳಿಯಲಿಲ್ಲ. ನನ್ನ ಕಡೆ ತಿರುಗಿದರು.

"ನಿಮ್ನೇ ಕೇಳ್ತಿರೋದು. ಸೈಕಲ್ಲು ಎಷ್ಟು ಓಗೈತೆ?"

"ಮುಂದಿನ ಗಾಲಿ ಹೋಗೇತ್ರಿ. ಫೋರ್ಕು ಬಾಗೇತ್ರಿ," ಅಂದರು ಭಾವ. "ಉಳಿದಿದ್ದು ಐತ್ರಿ."

"ಊಂ," ಅಂದರು ಅಪ್ಪ. ಕಣ್ಣು ಮುಚ್ಚಿಕೊಂಡರು.

ಅವತ್ತು ಅಷ್ಟೇ ಆದದ್ದು. ಸೋದರಮಾವ ಊಟ ಮಾಡದೆ ಬಸ್ಸಿಗೆ ಹೋದರು. ಅಕ್ಕ ಭಾವನ ಜೊತೆ ತನ್ನ ಮನೆಗೆ ಹೋದಳು. ಅಮ್ಮ ಬೀದಿಯವರೆಗೂ ಹೋಗಿ ಕಳಿಸಿ ಬಂದಳು. ಅಪ್ಪ ಮತ್ತೆ ಸೈಕಲ್ಲು ಹತ್ತಲಿಲ್ಲ. ಮೂಳೆ ಕೂಡಿತು, ನಡೆದಾಡಿದರು, ಟೈಲರ್ ಮನೆಯ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. 'ಮೇಲಕ್ಕೇಳಲೇ ಇಲ್ಲ' ಎನ್ನುವುದು ಸುಳ್ಳು. ಅವರು ತೀರಿಕೊಂಡದ್ದು ಎರಡನೆಯ ಸ್ಟ್ರೋಕಿನಿಂದ, ಅದಾಗಿ ಬಹಳ ದಿನಗಳ ಮೇಲೆ, ಮನೆಯಲ್ಲಿ. ಆಗ ಆಟೋ ತರುವುದಕ್ಕೆ ಓಡಿದವರು ಭಾವ.

ತಿಥಿಯ ದಿನ ಹಾಗೆ ಮಾತಾಡಿದ ನೆಂಟರು ಅವತ್ತು ನಮ್ಮ ಬೀದಿಯಲ್ಲಿ ಇರಲಿಲ್ಲ. ಸೋದರಮಾವನೂ ಇರಲಿಲ್ಲ, ಅವರು ಕಾಮಸಮುದ್ರದಲ್ಲಿದ್ದರು. ಟ್ಯಾಂಕರಿನವನು ಎಲ್ಲಿಯವನೋ ತಿಳಿಯದು. ಅವನು ಕಿಟಕಿಯ ಗಾಜು ಏರಿಸಿಕೊಂಡಿದ್ದ, ಕೂಗು ಕೇಳಿಸಿರಲಾರದು. ಅಪ್ಪ ಈಗಿಲ್ಲ. ಕಣ್ಣಿಂದ ಕಂಡು ಈಗಲೂ ಇರುವವರು ಇವರು: ನಲ್ಲಿಯ ಹತ್ತಿರ ನಿಂತಿದ್ದ ನನ್ನ ಅಮ್ಮ, ಕೇಳಿದರೆ ಈಗಲೂ ಅದೇ ಮಾತು ಹೇಳುತ್ತಾಳೆ. ಮನೆ ಬಾಗಿಲಲ್ಲಿದ್ದ ನನ್ನ ಅಕ್ಕ, ಅವಳು ಕಂಡಿದ್ದಾಳೆ, ಕೇಳಿಲ್ಲ. ಕಿಟಕಿಯಲ್ಲಿದ್ದ ಟೈಲರ್ ಅಣ್ಣ, ಈಗ ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕೈಬಿಟ್ಟ ನನ್ನ ಭಾವ. ಚಪ್ಪಡಿ ಕಲ್ಲಿನ ಮೇಲಿದ್ದ ನಾನು.